ಸಹಾಯ ಬೇಕು: ಕ್ರಿಪ್ಟೋ ಆಪ್‌ನಲ್ಲಿ ಸಿಕ್ಕಿಕೊಂಡ ಚಿಕ್ಕಪ್ಪನ ದುಡ್ಡು (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪ ಈ ಸಲ ಅಡಿಕೆ ಮಾರಿದ ದುಡ್ಡಲ್ಲಿ ಒಂದಿಷ್ಟನ್ನು ಕ್ರಿಪ್ಟೋಗೆ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್) ಹಾಕಿದ್ದಾರೆ. ಟೆಲಿಗ್ರಾಮ್ ಗುಂಪಿನಲ್ಲಿ ಯಾರೋ ಆಪ್ ಲಿಂಕ್ ಕೊಟ್ಟರಂತೆ. ಆಪ್‌ನಲ್ಲಿ ಭಾರಿ ಲಾಭ ಕಾಣುತ್ತಿದೆ. ತೆಗೆಯಲು ಹೋದರೆ ಮಾತ್ರ "ಮೊದಲು 30% ತೆರಿಗೆ ನಮ್ಮ ಖಾತೆಗೆ ಹಾಕಿ" ಅನ್ನುತ್ತಾರೆ.

ಇದು ಮೋಸವೇ ಅಲ್ವಾ? ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಇರುವುದು ನಿಜ. ಆದರೆ ಅದನ್ನು ಕಟ್ಟುವುದು ಸರ್ಕಾರಕ್ಕೆ, ಆಪ್‌ನವರಿಗಲ್ಲ. ಮಾರುವಾಗ ಇಲ್ಲಿನ ಎಕ್ಸ್‌ಚೇಂಜ್‌ಗಳು (ಕ್ರಿಪ್ಟೋ ಕೊಂಡು ಮಾರುವ ಆಪ್‌ಗಳು) ಹಿಡಿಯುವುದು 1% ಟಿಡಿಎಸ್ (ಮೊದಲೇ ಕಡಿದುಕೊಳ್ಳುವ ತೆರಿಗೆ). ಎಷ್ಟು ಹೇಳಿದರೂ ಚಿಕ್ಕಪ್ಪ ಕೇಳುತ್ತಿಲ್ಲ. ಇನ್ನೊಂದು ಸಲ ಕಟ್ಟಿದರೆ ಎಲ್ಲ ಬರುತ್ತದೆ ಅಂತ ನಂಬಿದ್ದಾರೆ. ನನಗೆ ಅದೇ ಭಯ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸುತ್ತೇನೆ. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಇಂಥ ದೂರು ಕೊಟ್ಟವರು ಇದ್ದೀರಾ? ಯುಪಿಐ ವಿವರ, ಚಾಟ್ ಸ್ಕ್ರೀನ್‌ಶಾಟ್ ಇವೆ. ಬೇರೆ ಏನು ಬೇಕಾಗುತ್ತದೆ? ಇದನ್ನು ಅನುಭವಿಸಿದವರು ಚಿಕ್ಕಪ್ಪನ ಜೊತೆ ಫೋನಲ್ಲಿ ಮಾತಾಡಿದರೆ ದೊಡ್ಡ ಉಪಕಾರ. ದುಡ್ಡು ವಾಪಸ್ ಕೊಡಿಸುತ್ತೇವೆ, ಫೀಸ್ ಕೊಡಿ ಅನ್ನುವವರು ಮಾತ್ರ ದಯವಿಟ್ಟು ಬರಬೇಡಿ.

ಇನ್ನೊಂದು ವಿಷಯ. ಚಿಕ್ಕಪ್ಪನ ಮಗ ಎಫ್‌ಐಯುನಲ್ಲಿ (ಅಕ್ರಮ ಹಣದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಘಟಕ) ನೋಂದಣಿ ಆದ ಎಕ್ಸ್‌ಚೇಂಜ್‌ನಲ್ಲಿ ಸ್ವಲ್ಪಸ್ವಲ್ಪವೇ ಬಿಟ್‌ಕಾಯಿನ್ ಕೊಳ್ಳುತ್ತಾನೆ, ಲಾಭವೂ ಆಗಿದೆ. ಬೇರೆ ಕಾಯಿನ್‌ನಲ್ಲಿ ನಷ್ಟ. ಆ ನಷ್ಟವನ್ನು ಲಾಭದಲ್ಲಿ ಕಳೆಯಲು 2022ರ ನಿಯಮ ಬಿಡುವುದಿಲ್ಲ. ರಿಟರ್ನ್ಸ್‌ನಲ್ಲಿ ಇದನ್ನೆಲ್ಲ ಸರಿಯಾಗಿ ತೋರಿಸಿಕೊಡುವ ಸಿಎ ಶಿವಮೊಗ್ಗದಲ್ಲಿ ಯಾರಾದರೂ ಗೊತ್ತಿದ್ದರೆ ತಿಳಿಸಿ.