ಅವಾಂತರ: ಶಾಸ್ತ್ರದಲ್ಲಿ ‘ಒಳಗಿನದು’, ನಮ್ಮ ಬಾಯಲ್ಲಿ ‘ಎಡವಟ್ಟು’

ವೇದಾಂತದ ಪರಿಚಯ ಪುಸ್ತಕವೊಂದರ ಕರಡು ತಿದ್ದುತ್ತಿದ್ದೇನೆ. ಎರಡನೇ ಕರಡು ಕೈಗೆ ಬಂದಾಗ ಒಂದು ಸಾಲು ಹೀಗಿತ್ತು: “‘ಸತ್ಯಂ ಜ್ಞಾನಮನಂತಂ ಬ್ರಹ್ಮ’ ಎಂಬುದು ಅನಂತರ ವಾಕ್ಯ, ‘ತತ್ತ್ವಮಸಿ’ ಎಂಬುದು ಮಹಾವಾಕ್ಯ.” ಅನಂತರ ವಾಕ್ಯವೇ? ಯಾವುದರ ಅನಂತರ? ಹಳೇ ಕರಡು ತೆಗೆದು ನೋಡಿದೆ. ಅನುವಾದಕರು ಸರಿಯಾಗಿಯೇ ‘ಅವಾಂತರ ವಾಕ್ಯ’ ಎಂದು ಬರೆದಿದ್ದರು. ಮೊದಲ ಸುತ್ತು ತಿದ್ದಿದ ಹುಡುಗ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅಂಚಿನಲ್ಲಿ ‘ಉಪನಿಷತ್ತಿನಲ್ಲಿ ಅವಾಂತರ ಎಲ್ಲಿಂದ ಬಂತು?’ ಎಂದು ಗೀಚಿದ್ದ.

ನಗು ಬಂತು, ಬೈಯಲು ಮನಸ್ಸಾಗಲಿಲ್ಲ. ಅವನು ಕಂಡ ಅವಾಂತರವೆಲ್ಲ ಪತ್ರಿಕೆಯದು: ‘ಮಳೆ ಅವಾಂತರ’, ‘ರಸ್ತೆ ಅಗೆದು ಅವಾಂತರ’. ಮನೆಯಲ್ಲಿ ಹಾಲು ಉಕ್ಕಿದರೂ ಅವಾಂತರ, ಮದುವೆಮನೆಯಲ್ಲಿ ತಾಳಿ ಕಾಣೆಯಾದರೂ ಅವಾಂತರ. ಅಂಥ ಪದವನ್ನು ‘ಸತ್ಯಂ ಜ್ಞಾನಂ’ ಪಕ್ಕದಲ್ಲಿ ಕಂಡರೆ ಯಾರಿಗಾದರೂ ಅಚ್ಚುದೋಷ ಅನ್ನಿಸುತ್ತದೆ. ತಮಾಷೆಯೆಂದರೆ, ಅವನು ತಂದು ಕೂರಿಸಿದ ‘ಅನಂತರ’ವೂ ಇದರ ದಾಯಾದಿಯೇ. ಎರಡಕ್ಕೂ ಮೂಲ ‘ಅಂತರ’. ನಡುವೆ ಅಂತರವೇ ಇಲ್ಲದೆ ಕೂಡಲೇ ಬರುವುದು ಅನಂತರ. ಅದರ ‘ಅ’ವನ್ನೂ ಕಳಚಿ ‘ನಂತರ’ ಮಾಡಿಕೊಂಡು ‘ಹತ್ತು ವರ್ಷದ ನಂತರ’ ಎನ್ನುವವರು ನಾವು. ಆ ಜಗಳ ಇಲ್ಲಿ ಬೇಡ.

ನನ್ನ ಪ್ರಶ್ನೆ ಎರಡು. ಈ ಪದ ಕನ್ನಡದಲ್ಲಿ ಇಷ್ಟು ದೂರ ಹೇಗೆ ಬಂತು? ಮತ್ತು ಶಾಸ್ತ್ರದ ವಿಷಯವನ್ನು ಕನ್ನಡದಲ್ಲಿ ಬರೆಯುವವರು ಅದನ್ನು ಏನು ಮಾಡಬೇಕು? ಮೊದಲನೆಯದಕ್ಕೆ ನನಗೆ ತೋಚಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಸಂಸ್ಕೃತದಲ್ಲಿ ಅವಾಂತರ ಎಂದರೆ ನಡುವೆ ಇರುವುದು, ದೊಡ್ಡದೊಂದರ ಒಳಗೆ ಅಡಕವಾಗಿರುವುದು. ಇದರಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಮಾತೇ ಇಲ್ಲ. ಬೃಹದಾರಣ್ಯಕ ಉಪನಿಷತ್ತು ತೆರೆದುಕೊಳ್ಳುವುದೇ ಅಶ್ವಮೇಧದ ಕುದುರೆಯನ್ನು ವಿಶ್ವವಾಗಿ ಕಾಣುವುದರೊಂದಿಗೆ: ಉಷಸ್ಸು ಅದರ ತಲೆ, ಸೂರ್ಯ ಕಣ್ಣು, ಗಾಳಿ ಉಸಿರು. ಹಾಗೇ ಮುಂದುವರಿದು ‘ದಿಶಃ ಪಾರ್ಶ್ವೇ ಅವಾಂತರದಿಶಃ ಪರ್ಶವಃ’ ಎನ್ನುತ್ತದೆ. ದಿಕ್ಕುಗಳು ಅದರ ಎರಡು ಪಕ್ಕೆ, ಅವಾಂತರ ದಿಕ್ಕುಗಳು ಪಕ್ಕೆಲುಬು. ಪೂರ್ವಕ್ಕೂ ದಕ್ಷಿಣಕ್ಕೂ ನಡುವಿನ ಆಗ್ನೇಯ, ದಕ್ಷಿಣಕ್ಕೂ ಪಶ್ಚಿಮಕ್ಕೂ ನಡುವಿನ ನೈರುತ್ಯ, ಹೀಗೆ. ಪಕ್ಕೆಯೊಳಗೆ ಪಕ್ಕೆಲುಬು ಕೂತಂತೆ ದಿಕ್ಕುಗಳ ನಡುವೆ ಮೂಲೆಗಳು. ಅವಾಂತರ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಇದೊಂದು ಚಿತ್ರವನ್ನೇ ಕೊಡುತ್ತೇನೆ.

ಸೋಮಯಾಗದಲ್ಲಿ ‘ಅವಾಂತರದೀಕ್ಷೆ’ ಎಂಬುದೊಂದಿದೆ. ಯಜಮಾನ ಮೊದಲೇ ದೀಕ್ಷೆಯಲ್ಲಿರುತ್ತಾನೆ. ಆ ದೀಕ್ಷೆಯ ಒಳಗೇ ಇನ್ನೊಂದು ದೀಕ್ಷೆ ಹಿಡಿದು ಸೊಂಟದ ಮೇಖಲೆಯನ್ನು ಮತ್ತಷ್ಟು ಬಿಗಿದುಕೊಳ್ಳುತ್ತಾನೆ. ಪ್ರಳಯದ ಮಾತು ಬಂದಾಗಲೂ ಮಹಾಪ್ರಳಯದ ಎದುರಿಗೆ ಅವಾಂತರ ಪ್ರಳಯ ಎನ್ನುತ್ತಾರೆ, ಎಲ್ಲವೂ ಮೂಲಕ್ಕೆ ಹೋಗಿ ಸೇರದ ಚಿಕ್ಕ ಪ್ರಳಯ. ಇಲ್ಲಿ ಮಾತ್ರ ಕನ್ನಡಿಗರಿಗೆ ಎರಡು ಅರ್ಥವೂ ಒಟ್ಟಿಗೆ ಹೊಂದಿಕೊಂಡುಬಿಡುತ್ತವೆ. ಪ್ರಳಯಕ್ಕಿಂತ ದೊಡ್ಡ ಅವಾಂತರ ಯಾವುದಿದೆ!

ನ್ಯಾಯಶಾಸ್ತ್ರದ ಬಳಕೆ ಇನ್ನೂ ಸೂಕ್ಷ್ಮ. ಕೊಡಲಿಯಿಂದ ಮರ ಕಡಿಯುತ್ತೇವೆ. ಕೊಡಲಿ ಸಾಧನ, ಮರ ತುಂಡಾಗುವುದು ಫಲ. ಆದರೆ ಮೂಲೆಯಲ್ಲಿ ಒರಗಿಸಿಟ್ಟ ಕೊಡಲಿಯಿಂದ ಯಾವ ಮರವೂ ಬೀಳುವುದಿಲ್ಲ. ಬಾಯಿ ಮರಕ್ಕೆ ತಾಗಬೇಕು. ಕೊಡಲಿಯಿಂದ ಹುಟ್ಟಿ, ಕೊಡಲಿಯ ಫಲವನ್ನು ತಾನು ಹುಟ್ಟಿಸುವ ಆ ತಾಗುವಿಕೆಯೇ ವ್ಯಾಪಾರ, ಅವಾಂತರ ವ್ಯಾಪಾರ. ವೇದದ ವಿಧಿಗಳ ಅರ್ಥ ವಿಚಾರಿಸುವ ಮೀಮಾಂಸಕರಿಗೆ ಇದೇ ತೊಡಕು ಯಾಗದಲ್ಲಿ ಎದುರಾಯಿತು. ‘ಸ್ವರ್ಗಕಾಮೋ ಯಜೇತ’, ಸ್ವರ್ಗ ಬೇಕೆನ್ನುವವನು ಯಾಗ ಮಾಡಬೇಕು ಎಂದಿದೆ. ಯಾಗ ಇವತ್ತು ಮುಗಿದು ಬೂದಿಯಾಯಿತು, ಸ್ವರ್ಗ ಸಿಗುವುದು ಸತ್ತ ಮೇಲೆ. ಇಲ್ಲದ ಯಾಗ ಫಲ ಕೊಡುವುದು ಹೇಗೆ? ನಡುವೆ ಒಂದು ಶಕ್ತಿ ಹುಟ್ಟಿ ಉಳಿದಿರುತ್ತದೆ ಎಂದರು. ಅದಕ್ಕೆ ಇಟ್ಟ ಹೆಸರು ‘ಅಪೂರ್ವ’, ಯಾಗಕ್ಕೆ ಮೊದಲು ಇಲ್ಲದೆ ಆಮೇಲೆ ಹುಟ್ಟಿದ್ದು. ಆ ಅಪೂರ್ವ ಈಗ ನಮ್ಮಲ್ಲಿ ‘ಅಪೂರ್ವ ಅವಕಾಶ’, ‘ಅಪೂರ್ವ ಛಾಯಾಚಿತ್ರ’. ಅದಕ್ಕೆ ಬಡ್ತಿ ಸಿಕ್ಕಿತು, ಪಾಪ, ಅವಾಂತರಕ್ಕೆ ಸಿಗಲಿಲ್ಲ.

ಇನ್ನು ನಮ್ಮ ಹುಡುಗ ಹೊಡೆದುಹಾಕಿದ ಅವಾಂತರ ವಾಕ್ಯ. ಅದ್ವೈತಿಗಳು ಬ್ರಹ್ಮ ಎಂಥದ್ದು, ಜೀವ ಎಂಥದ್ದು ಎಂದು ಬಿಡಿಬಿಡಿಯಾಗಿ ತಿಳಿಸುವ ವಾಕ್ಯಗಳನ್ನು ಅವಾಂತರ ವಾಕ್ಯ ಎನ್ನುತ್ತಾರೆ. ಎರಡೂ ಒಂದೇ ಎಂದು ಹೇಳುವುದು ಮಹಾವಾಕ್ಯ. ತೈತ್ತಿರೀಯ ಉಪನಿಷತ್ತಿನ ‘ಸತ್ಯಂ ಜ್ಞಾನಮನಂತಂ ಬ್ರಹ್ಮ’ (ಬ್ರಹ್ಮವು ಸತ್ಯ, ಜ್ಞಾನ, ಅನಂತ) ಮೊದಲ ಬಗೆಯದು, ಛಾಂದೋಗ್ಯದ ‘ತತ್ತ್ವಮಸಿ’ (ಅದು ನೀನೇ) ಎರಡನೆಯದು. ಅವಾಂತರ ಎಂದ ಮಾತ್ರಕ್ಕೆ ಕಡಿಮೆ ತೂಕದ್ದು ಎಂದಲ್ಲ. ‘ತತ್’ ಯಾವುದು, ‘ತ್ವಂ’ ಯಾರು ಎಂದು ಗೊತ್ತಿಲ್ಲದವನಿಗೆ ತತ್ತ್ವಮಸಿ ಎಂದರೆ ಏನು ಹತ್ತೀತು?

ಇದು ಎಡವಟ್ಟು ಆದದ್ದು ಹೇಗೆ? ಸುತ್ತಲಿನ ಭಾಷೆಗಳನ್ನು ನೋಡಿದಾಗ ದಾರಿ ಸ್ವಲ್ಪ ಕಂಡಿತು. ಮರಾಠಿಯಲ್ಲಿ ‘ಅವಾಂತರ ವಾಚನ’ ಎಂದರೆ ಪಠ್ಯದ ಹೊರಗಿನ ಇತರ ಓದು. ಅಲ್ಲಿ ಪದ ಹೆಚ್ಚು ದೂರ ಹೋಗಿಲ್ಲ. ತೆಲುಗಿನಲ್ಲಿ ‘ಅವಾಂತರಂ’ ಎಂದರೆ ಅಡ್ಡಿ, ವಿಘ್ನ. ಅವಾಂತರಗಳನ್ನು ದಾಟಿ ಕೆಲಸ ಮುಗಿಸಿದರು ಎಂಬಂತೆ ಬಳಸುತ್ತಾರೆ. ನಾವು ಅದನ್ನೂ ಮೀರಿ ರಾದ್ಧಾಂತಕ್ಕೆ ಬಂದು ನಿಂತಿದ್ದೇವೆ. ನಡುವಿನದು, ನಡುವೆ ಬಂದದ್ದು, ಅಡ್ಡ ಬಂದದ್ದು, ಕೆಡಿಸಿದ್ದು. ಒಂದೊಂದು ಮೆಟ್ಟಿಲಲ್ಲಿ ಒಂದೊಂದು ಭಾಷೆ ನಿಂತ ಹಾಗಿದೆ.

ನಡುವಿನಿಂದ ಅಡ್ಡಿಗೆ ಹಾರುವುದು ಅಸಹಜವೂ ಅಲ್ಲ. ಸಂಸ್ಕೃತದ್ದೇ ‘ಅಂತರಾಯ’ ನೋಡಿ, ನಡುವೆ ಬರುವುದು ಎಂಬುದೇ ಅಲ್ಲಿ ವಿಘ್ನ. ಪತಂಜಲಿಯ ಯೋಗಸೂತ್ರ ವ್ಯಾಧಿ, ಸಂಶಯ, ಆಲಸ್ಯ ಮುಂತಾದ 9 ಚಿತ್ತವಿಕ್ಷೇಪಗಳನ್ನು, ಮನಸ್ಸನ್ನು ಚೆದುರಿಸುವವುಗಳನ್ನು, ಅಂತರಾಯ ಎಂದು ಎಣಿಸುತ್ತದೆ. ಸಂಸ್ಕೃತದವರೆಗೆ ಯಾಕೆ ಹೋಗಬೇಕು, ನಮ್ಮ ‘ಅಡ್ಡ’ದಿಂದಲೇ ‘ಅಡ್ಡಿ’ ಆಗಿಲ್ಲವೆ?

ಇನ್ನೊಂದು ಗುಮಾನಿ ಇದೆ. ಕನ್ನಡದ ಕಿವಿಗೆ ‘ಅವ’ ಎಂದು ಶುರುವಾದರೆ ಏನೋ ಕೆಟ್ಟದ್ದರ ವಾಸನೆ: ಅವಮಾನ, ಅವಗುಣ, ಅವಲಕ್ಷಣ, ಅವಘಡ. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಸ್ಥಿತಿಗಳನ್ನು ಅವಸ್ಥಾತ್ರಯ ಎನ್ನುತ್ತದೆ ವೇದಾಂತ. ನಾವು ‘ನನ್ನ ಅವಸ್ಥೆ ನೋಡಿ’ ಎಂದು ಗೋಳಾಡುತ್ತೇವೆ. ಭಗವಂತ ಇಳಿದು ಬಂದರೆ ಅವತಾರ. ಮಗ ತಲೆ ಬಾಚದೆ ಎದ್ದು ಬಂದರೂ ‘ಏನೋ ಇದು ನಿನ್ನ ಅವತಾರ?’ ಈ ಗುಂಪಿಗೆ ಅವಾಂತರವೂ ಸೇರಿಕೊಂಡಿರಬಹುದು. ಆದರೆ ಅವಕಾಶ, ಅವಲೋಕನ, ಅವಧಾನಗಳಿಗೆ ಈ ಕಳಂಕ ಅಂಟಿಲ್ಲ, ಹಾಗಾಗಿ ಇದನ್ನೇ ನೆಚ್ಚಿ ಕೂರುವ ಧೈರ್ಯ ನನಗಿಲ್ಲ.

ಇಂಥದ್ದೇ ಇನ್ನೊಂದು ಪದ ‘ಆಭಾಸ’. ಹಾಗೆ ತೋರುವುದು, ಆದರೆ ಅದಲ್ಲದ್ದು. ತರ್ಕದಲ್ಲಿ ಹೇತುವಿನಂತೆ, ಅಂದರೆ ಸರಿಯಾದ ಕಾರಣದಂತೆ, ಕಂಡು ಹೇತುವಲ್ಲದ್ದು ಹೇತ್ವಾಭಾಸ. ‘ಆಭಾಸ ಏವ ಚ’ ಎಂಬ ಬ್ರಹ್ಮಸೂತ್ರಕ್ಕೆ ಶಂಕರರ ಹೋಲಿಕೆ ನೀರಿನಲ್ಲಿ ಕಾಣುವ ಸೂರ್ಯ: ಜೀವ ಹಾಗೆ ಬಿಂಬಿಸಿದ್ದು. ನಮ್ಮಲ್ಲಾದರೋ ಭಾಷಣಕಾರರು ಸತ್ತವರ ಬದಲು ಬದುಕಿದ್ದವರಿಗೆ ಶ್ರದ್ಧಾಂಜಲಿ ಹೇಳಿದರೆ ‘ದೊಡ್ಡ ಆಭಾಸವಾಯಿತು’. ಇಲ್ಲಿ ಸೇತುವೆ ಅಲಂಕಾರಶಾಸ್ತ್ರದ ‘ರಸಾಭಾಸ’ ಇರಬೇಕು ಎಂದು ನನ್ನ ಊಹೆ. ತಕ್ಕದ್ದಲ್ಲದ ಕಡೆ ಹುಟ್ಟಿದ ಶೃಂಗಾರ ರಸವಲ್ಲ, ರಸಾಭಾಸ. ಅದರ ಬೇರು ಅನೌಚಿತ್ಯದಲ್ಲಿ. ರಸ ಉದುರಿಹೋಗಿ ಅನೌಚಿತ್ಯ ಮಾತ್ರ ಉಳಿದಾಗ ನಮ್ಮ ಆಭಾಸ ಆಯಿತು. ಅವಾಂತರಕ್ಕೂ ಇಂಥ ಸೇತುವೆಯ ಪದವೊಂದು ಇದ್ದಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

‘ಪ್ರಾರಬ್ಧ’ದ ಬಗ್ಗೆ ಎಲ್ಲರಿಗೂ ಗೊತ್ತು, ಬಿಡಿಸಿ ಹೇಳುವುದಿಲ್ಲ. ಸಂಚಿತ ಕರ್ಮದ ರಾಶಿಯಲ್ಲಿ ಈಗಾಗಲೇ ಫಲ ಕೊಡಲು ತೊಡಗಿದ್ದು ಎಂಬಷ್ಟೇ ಅದರ ಅರ್ಥ. ಪ್ರಾರಂಭ, ಪ್ರಾರಬ್ಧ ಎರಡೂ ಒಂದೇ ಧಾತುವಿನ ಮಕ್ಕಳು. ಒಂದನ್ನು ದೀಪ ಹಚ್ಚಿ ಮಾಡುತ್ತೇವೆ, ಇನ್ನೊಂದನ್ನು ಹಣೆ ಚಚ್ಚಿಕೊಂಡು ಹೇಳುತ್ತೇವೆ.

ಈಗ ಎರಡನೇ ಪ್ರಶ್ನೆ. ಅವಾಂತರ ವಾಕ್ಯಕ್ಕೆ ಬದಲಿ ಹುಡುಕಿ ಸೋತೆ. ‘ಉಪವಾಕ್ಯ’ ಎಂದರೆ ಶಾಲೆಯ ವ್ಯಾಕರಣದ ಪಾಠ ನೆನಪಾಗುತ್ತದೆ, ವಾಕ್ಯದ ತುಂಡು ಎಂಬ ಭಾವನೆ ಬರುತ್ತದೆ. ‘ಅಂಗವಾಕ್ಯ’ ಎನ್ನೋಣವೆಂದರೆ ಅಂಗ ಎಂಬುದಕ್ಕೆ ಮೀಮಾಂಸೆಯಲ್ಲಿ ಬೇರೆಯೇ ಗಟ್ಟಿ ಅರ್ಥವಿದೆ, ದರ್ಶಪೂರ್ಣಮಾಸ ಎಂಬ ಯಾಗಕ್ಕೆ ಪ್ರಯಾಜಗಳೆಂಬ ಆಹುತಿಗಳು ಅಂಗ ಎನ್ನುವ ಹಾಗೆ. ‘ಪೋಷಕ ವಾಕ್ಯ’ ನಾಟಕದ ಪೋಷಕ ಪಾತ್ರದಂತೆ ಕೇಳುತ್ತದೆ. ‘ಒಳವಾಕ್ಯ’ ಕಿವಿಗೆ ಹಿತ, ಅರ್ಥಕ್ಕೂ ಹತ್ತಿರ, ಆದರೆ ‘ಮಹಾವಾಕ್ಯ’ದ ಪಕ್ಕ ಕೂರಿಸಿದರೆ ಜೋಡಿ ಕೂಡುವುದಿಲ್ಲ. ಪುಟದಲ್ಲಿ ಎರಡೂ ಒಟ್ಟೊಟ್ಟಿಗೆ ಹತ್ತು ಸಲ ಬರುತ್ತವೆ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ದಿಕ್ಕಿನ ವಿಷಯ ಬಂದಲ್ಲಿ ‘ಮೂಲೆದಿಕ್ಕು’ ಎಂದು ಕನ್ನಡ ಮಾಡಿದೆ, ಅಲ್ಲಿ ಏನೂ ಕಳೆದುಹೋಗುವುದಿಲ್ಲ. ವಾಕ್ಯ, ವ್ಯಾಪಾರಗಳಲ್ಲಿ ‘ಅವಾಂತರ’ವನ್ನೇ ಉಳಿಸಿ, ಮೊದಲ ಸಲ ಬರುವಲ್ಲಿ ‘ಒಳಗೆ ಅಡಕವಾದ, ನಡುವಣ’ ಎಂದು ಪಕ್ಕದಲ್ಲೇ ಸೇರಿಸಿದೆ. ಪ್ರಕಾಶಕರಿಗೆ ಇದು ಹಿಡಿಸಿಲ್ಲ. ಓದುವವರು ಮೊದಲ ಪುಟದಿಂದಲೇ ಓದುತ್ತಾರೆ ಎಂದು ಯಾರು ಹೇಳಿದರು ಎಂದು ಕೇಳುತ್ತಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೂ ಪದವನ್ನೇ ಕೈಬಿಟ್ಟರೆ, ನಾಳೆ ಈ ಪುಸ್ತಕ ಮುಗಿಸಿ ಮೂಲ ಭಾಷ್ಯ ತೆರೆದವನಿಗೆ ಅದೇ ಅವಾಂತರ ಎದುರಾದಾಗ ಅವನೂ ಅಚ್ಚುದೋಷ ಎಂದುಕೊಳ್ಳುತ್ತಾನೆ.

ನಿಮ್ಮಲ್ಲಿ ಯಾರ ಮನೆಮಾತಿನಲ್ಲಾದರೂ ಅವಾಂತರ ಇನ್ನೂ ಎಡವಟ್ಟಾಗದೆ ಉಳಿದಿದೆಯೆ? ‘ಅವಾಂತರ ಖರ್ಚು’, ‘ಅವಾಂತರ ಭೇದ’ ಎಂಬಂಥ ಮಾತನ್ನು ಪಾಠ ಹೇಳುವವರ ಬಾಯಲ್ಲಲ್ಲದೆ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೀರಾ? ಹಳೆಯ ಕಡತ, ಪತ್ರ, ಯಕ್ಷಗಾನ ಪ್ರಸಂಗ, ಏನಾದರೂ ಸರಿ, ಪದ ಬಂದ ಸಾಲನ್ನು ಇಡಿಯಾಗಿ ಬರೆದು ಕಳಿಸಿ. ಬರೀ ‘ಹೌದು, ನಮ್ಮಲ್ಲಿದೆ’ ಎಂದರೆ ಅರ್ಥದ ಯಾವ ಮೆಟ್ಟಿಲಲ್ಲಿ ಇದೆ ಎಂದು ಗೊತ್ತಾಗುವುದಿಲ್ಲ. ಮೂರನೇ ಕರಡು ಹೋಗಲು ಇನ್ನೂ ಎರಡು ವಾರ ಇದೆ.