16 ತಂಡ, ಒಂದೇ ಮೈದಾನ: ಐಸ್‌ಲ್ಯಾಂಡ್‌ನ ಕೆಳಗಿನ ಡಿವಿಷನ್ ಥರ ಲೀಗ್ ಮಾಡಬಹುದಾ?

ಟಿಳಕವಾಡಿ_ಡಿಫೆಂಡರ್:
ಎಲ್ಲರಿಗೂ ನಮಸ್ಕಾರ. ನಮ್ಮ ಬೆಳಗಾವಿ ಕಡೆ ಫುಟ್‌ಬಾಲ್ ಟೂರ್ನಮೆಂಟ್ ಅಂದ್ರೆ ಹೆಚ್ಚಾಗಿ ನಾಕೌಟೇ, ಒಂದು ಸೋತರೆ ಹೊರಗೆ. ಹೋದ ವರ್ಷ ಖಾನಾಪುರ ಕಡೆಯ ಒಂದು ತಂಡ ಬೆಳಗ್ಗೆ ಆರಕ್ಕೇ ಟೆಂಪೋ ಮಾಡಿಕೊಂಡು ಹೊರಟು ಬಂದಿತ್ತು. ಒಂದು ಪೆನಾಲ್ಟಿ ಕೊಟ್ಟರು, 1-0 ಸೋತರು, ಹತ್ತು ಗಂಟೆಗೆಲ್ಲ ಅವರ ಆಟ ಮುಗಿದೇ ಹೋಯ್ತು. ಮರದ ಕೆಳಗೆ ಚುರುಮುರಿ ತಿನ್ನುತ್ತಾ ಕೂತಿದ್ದರು. ಅವರಲ್ಲಿ ಒಬ್ಬ ಹುಡುಗ ಹೊಸ ಶೂ ತಂದಿದ್ದ, ಆಡೋಕೆ ಅವಕಾಶವೇ ಸಿಗಲಿಲ್ಲ, ಅಡಿಯಲ್ಲಿ ರೇಟಿನ ಚೀಟಿ ಹಾಗೇ ಅಂಟಿಕೊಂಡಿತ್ತು. ಅದು ಇನ್ನೂ ನನ್ನ ಕಣ್ಣ ಮುಂದೆ ಇದೆ.

ಈ ಸಲ ನಾವು ನಾಲ್ಕೈದು ಜನ ಸೇರಿ 16 ತಂಡಗಳ ಲೀಗ್ ಮಾಡೋಣ ಅಂತ ಇದ್ದೇವೆ. ಒಂದೇ ಮೈದಾನ, ಭಾನುವಾರ ಮಾತ್ರ, ದಿನಕ್ಕೆ 4 ಮ್ಯಾಚ್. ಐಸ್‌ಲ್ಯಾಂಡ್‌ನ ಕೆಳಗಿನ ಡಿವಿಷನ್ ಬಗ್ಗೆ ಓದ್ತಾ ಇದ್ದೆ. ಇಡೀ ದೇಶದ ಜನ ಸೇರಿದರೂ 4 ಲಕ್ಷ ಆಗಲ್ಲ, ನಮ್ಮ ಬೆಳಗಾವಿ ಸಿಟಿಯಲ್ಲೇ 2011ರ ಜನಗಣತಿ ಪ್ರಕಾರ 4.88 ಲಕ್ಷ ಇದ್ದರು, ಆದರೂ ಅಲ್ಲಿ ಹಂತ ಹಂತವಾಗಿ ಇಷ್ಟೊಂದು ಲೀಗ್! ಆದರೆ ಒಂದು ಕಡೆ 4ನೇ ಡಿವಿಷನ್ನೇ ಕೊನೆಯದು ಅಂತಿದೆ, ಇನ್ನೊಂದು ಕಡೆ 5ನೇದು. ಯಾವುದು ಸರಿ? ಗುಂಪು ಮಾಡ್ತಾರಾ, ಎಲ್ಲರೂ ಎಲ್ಲರ ಜೊತೆ ಆಡ್ತಾರಾ?

ಕ್ಯಾಂಪ್_ಗೋಲಿ:
ಎರಡೂ ಸರಿ ಅಣ್ಣಾ, ವರ್ಷ ಬೇರೆ ಬೇರೆ ಅಷ್ಟೇ. 2013ರಲ್ಲಿ 4ನೇ ಡಿವಿಷನ್ ಶುರುವಾಯ್ತು, 2022ರ ತನಕ ಅದೇ ಕೊನೆಯದು. ಅದರಲ್ಲಿ ತಂಡಗಳನ್ನ ಗುಂಪು ಗುಂಪಾಗಿ ಹಂಚಿ ಆಡಿಸ್ತಿದ್ದರು, ಗುಂಪಿನಲ್ಲಿ ಮೇಲೆ ಬಂದವರಿಗೆ ಆಮೇಲೆ ಪ್ಲೇಆಫ್, ಅಂದ್ರೆ ಮೇಲಿನ ಡಿವಿಷನ್‌ಗೆ ಯಾರು ಹೋಗ್ತಾರೆ ಅಂತ ತೀರ್ಮಾನಿಸೋ ಆಟ. 2023ರಲ್ಲಿ ಅದರ ಕೆಳಗೆ 5ನೇದು ಬಂತು. ಗುಂಪಿನ ಪದ್ಧತಿ ಅಲ್ಲಿಗೆ ಇಳಿಯಿತು, 4ನೇದು 10 ತಂಡಗಳ ಒಂದೇ ಲೀಗ್ ಆಯ್ತು. ಪ್ರತಿ ತಂಡದ ಜೊತೆ ಎರಡು ಸಲ, ಅಂದ್ರೆ ಒಬ್ಬರಿಗೆ 18 ಮ್ಯಾಚ್. ಅದರ ಮೇಲಿನ 3ನೇದು, 2ನೇದರಲ್ಲಿ 12 ತಂಡ, 22 ಮ್ಯಾಚ್.

ಇನ್ನೊಂದು ಗೊಂದಲ ಎಲ್ಲರಿಗೂ ಆಗುತ್ತೆ. ಎಲ್ಲಕ್ಕಿಂತ ಮೇಲಿನ ಲೀಗ್‌ಗೆ ನಂಬರ್ ಇಲ್ಲ, ಬೇರೆ ಹೆಸರಿದೆ. ನಂಬರ್ ಶುರುವಾಗೋದೇ ಎರಡನೇ ಹಂತದಿಂದ. ಹಾಗಾಗಿ 4ನೇ ಡಿವಿಷನ್ ಅಂದ್ರೆ ನಿಜವಾಗಿ ಐದನೇ ಹಂತ.

ನನಗೆ ತುಂಬಾ ಇಷ್ಟವಾದದ್ದು ಅಲ್ಲಿನ ಸಣ್ಣ ಕ್ಲಬ್‌ಗಳು. ರಾಜಧಾನಿ ರೇಕ್ಯಾವಿಕ್‌ನಲ್ಲಿ ವಾಲೂರ್ ಅಂತ ದೊಡ್ಡ ಕ್ಲಬ್ ಇದೆ, ಅದರ ಜೊತೆ ನಂಟಿರೋದು ಕೆಎಚ್ ಅನ್ನೋ ಸಣ್ಣ ತಂಡ, ಕೆಳಗಿನ ಡಿವಿಷನ್‌ಗಳಲ್ಲಿ ಆಡಿದೆ. ದೊಡ್ಡ ತಂಡದಲ್ಲಿ ಜಾಗ ಸಿಗದವನಿಗೂ ಇಂಥ ಕಡೆ ಆಟ ಇರುತ್ತೆ. ನಿಮ್ಮ ಹೊಸ ಶೂ ಹುಡುಗನಂಥವರಿಗೆ ಬೇಕಾದ್ದು ಅದೇ ಅಲ್ವಾ?

ಗೋಕಾಕ_10:
ಲೆಕ್ಕ ಹಾಕಿ ನೋಡಿ. 16 ತಂಡಕ್ಕೆ ಬರೀ ನಾಕೌಟ್ ಆದ್ರೆ ಒಟ್ಟು 15 ಮ್ಯಾಚ್, 8 ತಂಡ ಒಂದೇ ಆಟ ಆಡಿ ಮನೆಗೆ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಿದ್ರೆ 120 ಮ್ಯಾಚ್, ನಿಮ್ಮ ಮೈದಾನದಲ್ಲಿ 30 ಭಾನುವಾರ ಬೇಕು, ಆಗದ ಮಾತು. 8-8ರ ಎರಡು ಗುಂಪು ಮಾಡಿದ್ರೆ ಪ್ರತಿ ತಂಡಕ್ಕೆ 7 ಮ್ಯಾಚ್ ಗ್ಯಾರಂಟಿ. ಗುಂಪಿನದ್ದು 56, ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 59. ಅಂದ್ರೆ 15 ಭಾನುವಾರ. ನವೆಂಬರ್‌ನಲ್ಲಿ ಶುರು ಮಾಡಿದ್ರೆ ಫೆಬ್ರವರಿಯಲ್ಲಿ ಮುಗಿಯುತ್ತೆ, ಪರೀಕ್ಷೆಗೂ ಅಡ್ಡಿ ಇಲ್ಲ.

ಐಸ್‌ಲ್ಯಾಂಡ್‌ನವರು ಹಿಮ ಕರಗಿದ ಮೇಲೆ, ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಆಡ್ತಾರೆ. ನಮಗೆ ಅದೇ ಹೊತ್ತಿಗೆ ಮಳೆ, ಮೈದಾನ ಕೆಸರು ಗದ್ದೆ.

ಬಾಗಲಕೋಟೆ_ವಿಂಗರ್:
ನನ್ನ ಅನುಮಾನ ಬೇರೆ. ನಾಲ್ಕು ಸೋತ ತಂಡ ಐದನೇ ಭಾನುವಾರ ಬರುತ್ತಾ? ಇಲ್ಲಿ ಒಂದು ಸಲ ಲೀಗ್ ಮಾಡಿದಾಗ ಕೊನೆಕೊನೆಗೆ ಎದುರಾಳಿ ಬರದೇ ವಾಕ್‌ಓವರ್ ತಗೊಂಡೇ ಪಾಯಿಂಟ್ ಸಿಕ್ಕಿತ್ತು. ನೋಡೋಕೆ ಬಂದ ಜನ ಬೇಜಾರಾಗಿ ಎದ್ದು ಹೋದರು.

ಕ್ಯಾಂಪ್_ಗೋಲಿ:
ಒಳ್ಳೇ ಪ್ರಶ್ನೆ. ಮೇಲೆ ಹೋಗೋ ದಾರಿ ಇದ್ರೆ, ಕೆಳಗೆ ಬೀಳೋ ಭಯ ಇದ್ರೆ ಬರ್ತಾರೆ. ಐಸ್‌ಲ್ಯಾಂಡ್‌ನಲ್ಲಿ ಕೋರ್‌ಡ್ರೆಂಗಿರ್ ಅಂತ ಒಂದು ತಂಡ ಇತ್ತು. 2019ರಲ್ಲಿ 3ನೇ ಡಿವಿಷನ್ ಆಡಿತು, 2020ರಲ್ಲಿ 2ನೇದು, 2021ರಲ್ಲಿ 1ನೇದು. ಅಂದ್ರೆ ವರ್ಷಕ್ಕೊಂದು ಮೆಟ್ಟಿಲು! ಆಮೇಲೆ ಆ ತಂಡ ಉಳಿಯಲಿಲ್ಲ, ಅದು ಬೇಜಾರಿನ ಮಾತು. ಆದರೆ ದಾರಿಯಂತೂ ಎಲ್ಲರಿಗೂ ತೆರೆದೇ ಇತ್ತು. ನೀವು ಈ ವರ್ಷ ಎರಡು ಗುಂಪು ಆಡಿಸಿ, ಪ್ರತಿ ಗುಂಪಿನ ಮೊದಲ ನಾಲ್ಕು ತಂಡ ಮುಂದಿನ ವರ್ಷ ಎ ಡಿವಿಷನ್, ಉಳಿದವು ಬಿ ಅಂತ ಮೊದಲೇ ಹೇಳಿಬಿಡಿ. ಆಗ ಐದನೇ ಜಾಗದಲ್ಲಿ ಇರುವವನೂ ಕೊನೆ ಭಾನುವಾರದ ತನಕ ಜೀವ ಬಿಟ್ಟು ಆಡ್ತಾನೆ.

ಟಿಳಕವಾಡಿ_ಡಿಫೆಂಡರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ನಾಲ್ಕು ಎ, ಉಳಿದ ನಾಲ್ಕು ಬಿ, ಇದನ್ನ ಹಾಗೇ ಇಟ್ಟುಕೊಳ್ತೇವೆ. ಎಂಟ್ರಿ ಫೀ ಜೊತೆ ಸ್ವಲ್ಪ ಡೆಪಾಸಿಟ್ ತಗೊಂಡು, ಏಳೂ ಮ್ಯಾಚ್ ಆಡಿದವರಿಗೆ ವಾಪಸ್ ಕೊಡೋಣ ಅಂತಲೂ ಮಾತಾಡಿಕೊಂಡ್ವಿ. ಖಾನಾಪುರದವರಿಗೆ ಈಗಷ್ಟೇ ಫೋನ್ ಮಾಡಿದೆ. ಏಳು ಮ್ಯಾಚ್ ಅಂದ ಕೂಡಲೇ ಆ ಕಡೆಯಿಂದ ಕೇಳಿದ ಮೊದಲ ಮಾತು, "ಟೆಂಪೋದವನಿಗೆ ಯಾವ ಯಾವ ತಾರೀಖು ಹೇಳಲಿ?"