ಚೀಟಿ ಇಲ್ಲದೆ ಮೆಡಿಕಲ್ ಶಾಪಿಗೆ ಬರುವವರು: ನಮಗೆ ಸರಿಯಾದ ತರಬೇತಿ ಎಲ್ಲಿ ಸಿಗುತ್ತದೆ?

ಕೌಂಟರ್ ಹಿಂದಿನವಳು (ಸಕಲೇಶಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಹೋಬಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟು ಏಳು ವರ್ಷ ಆಯಿತು. ಓದಿದ್ದು ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ). ಗೋಡೆ ಮೇಲಿನ ಸರ್ಟಿಫಿಕೇಟೂ ನನ್ನದೇ, ಕೌಂಟರಿನಲ್ಲಿ ಕೂರುವವಳೂ ನಾನೇ. (ಇದನ್ನೂ ಬಿಡಿಸಿ ಹೇಳಬೇಕಾದ ಕಾಲ, ಏನು ಮಾಡೋದು.) ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕೈಯಲ್ಲಿ ಚೀಟಿ ಇರುವುದಿಲ್ಲ. ತೋಟಗಳಲ್ಲಿ ಬಟವಾಡೆ ಆದ ದಿನ ಸಂಜೆಯಂತೂ ಅಂಗಡಿ ಮುಂದೆ ಜಾತ್ರೆ. ತಲೆ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಕೂಡ ತೆಗೆಯದೆ ಒಬ್ಬೊಬ್ಬರೇ ಶುರು ಮಾಡುತ್ತಾರೆ: ಅಕ್ಕ ಮೈಕೈ ನೋವು, ಅಕ್ಕ ಕಾಲ್ಬೆರಳ ಸಂದಿ ಕೊಳೆತಿದೆ, ಮಗೂಗೆ ಬೇಧಿ, ಉಂಬಳ ಕಚ್ಚಿದ ಜಾಗ ತುರಿಕೆ ನಿಲ್ತಿಲ್ಲ. ಡಾಕ್ಟರಿಗೆ ತೋರಿಸಿ ಅಂದರೆ "ನಮಗೆ ನೀವೇ ಡಾಕ್ಟ್ರು ಕಣಕ್ಕ" ಅಂತ ನಗುತ್ತಾರೆ.

ಇಷ್ಟು ದಿನ ನಾನೂ ನಗುತ್ತಿದ್ದೆ. ಕಳೆದ ತಿಂಗಳು ಐವತ್ತರ ಆಸುಪಾಸಿನ ಒಬ್ಬರು ಬಂದು ಗ್ಯಾಸ್ ಮಾತ್ರೆ ಕೇಳಿದರು. ಬೆಳಗ್ಗೆಯಿಂದ ಎದೆ ಉರಿ, ರಾತ್ರಿ ಹಂದಿ ಸಾರು ಊಟ ಜೋರಾಗಿತ್ತು ಅಂದರು. ಬೆವರು ಕಾಣುತ್ತಿತ್ತು. ಏರು ಹತ್ತಿ ಬಂದಿದ್ದಾರೆ ಅಂದುಕೊಂಡೆ. ಮಾತ್ರೆ ಮತ್ತು ಒಂದು ಬಾಟಲಿ ಸಿರಪ್ ಕೊಟ್ಟು ಕಳಿಸಿದೆ. ಸಂಜೆ ಹಾಸನಕ್ಕೆ ಎತ್ತಿಕೊಂಡು ಹೋದರು. ಹಾರ್ಟ್ ಅಟ್ಯಾಕ್. ಬದುಕಿಕೊಂಡರು, ದೇವರು ದೊಡ್ಡವನು. 2025ರಲ್ಲಿ ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟಿವಿಯಲ್ಲಿ ಬಂದು, ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿದ್ದರಲ್ವಾ, ಅದನ್ನೆಲ್ಲ ನೋಡಿದ್ದ ನನಗೇ ಆವತ್ತು ಹೊಳೆಯಲಿಲ್ಲ. ಮೊನ್ನೆ ಅವರು ಅಂಗಡಿಗೆ ಬಂದು "ನಿಮ್ಮ ಮಾತ್ರೆ ಸಂಜೆ ತನಕ ತಡೀತು ನೋಡಿ" ಅಂದರು. ಎಲ್ಲಿ ಮುಖ ಇಟ್ಟುಕೊಳ್ಳಲಿ.

ಹೊರದೇಶಗಳಲ್ಲಿ ಫಾರ್ಮಸಿಸ್ಟ್‌ಗಳಿಗೇ ಸಣ್ಣಪುಟ್ಟ ಕಾಯಿಲೆ ನೋಡಿ ಔಷಧಿ ಬರೆಯುವ ತರಬೇತಿ ಕೊಡುತ್ತಾರಂತೆ. ನಮ್ಮಲ್ಲಿ ಅಂಥದ್ದು ಇದೆಯಾ? ಕಾನೂನು ಎಷ್ಟಕ್ಕೆ ಬಿಡುತ್ತದೆ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಲಿ?

ಅರಸೀಕೆರೆ ಹಳಬ

ತಂಗೀ, ನಾನು ಈ ಲೈನಿಗೆ ಬಂದು 28 ವರ್ಷ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ನೀನು ಹತ್ತು ಪ್ರಶ್ನೆ ಕೇಳಿದರೆ ಗಿರಾಕಿ ಹನ್ನೊಂದನೆಯದಕ್ಕೆ ನಿಲ್ಲುವುದಿಲ್ಲ, ಎದುರಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಎಸ್ಸೆಸ್ಸೆಲ್ಸಿ ಹುಡುಗ ನಾಲ್ಕು ಬಣ್ಣದ ಮಾತ್ರೆ ಪೇಪರಿನಲ್ಲಿ ಸುತ್ತಿ "ಎರಡು ಹೊತ್ತಿನ ಸೆಟ್" ಅಂತ ಕೊಟ್ಟಿರುತ್ತಾನೆ. ತರಬೇತಿ ತಗೊಂಡವಳಿಗೆ ವ್ಯಾಪಾರ ಇಲ್ಲ, ತಗೊಳ್ಳದವನಿಗೆ ಇದೆ. ಮೇಲೆ ಡ್ರಗ್ ಇನ್ಸ್‌ಪೆಕ್ಟರ್ ಬಂದರೆ ಚೀಟಿ ಎಲ್ಲಿ, ಬಿಲ್ ಎಲ್ಲಿ ಅಂತ ಕೇಳುವುದು ನಿನ್ನನ್ನೇ. ಕೆನಡಾ ಲಂಡನ್ ಕಥೆ ನಮಗ್ಯಾಕೆ?

ಪಾಠ ಹೇಳುವವ, ಹಾಸನ

ಹಳಬರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಹೇಗೆ. ನಾನು ಫಾರ್ಮಸಿ ಪಾಠ ಮಾಡುವವನು.

ಮೊದಲು ಕಾನೂನು. ಭಾರತದಲ್ಲಿ ಫಾರ್ಮಸಿಸ್ಟ್‌ಗೆ ಚೀಟಿ ಬರೆಯುವ ಅಧಿಕಾರ ಇಲ್ಲ. ಶೆಡ್ಯೂಲ್ ಎಚ್, ಎಚ್1, ಎಕ್ಸ್ ಅನ್ನುವ ಸರ್ಕಾರಿ ಪಟ್ಟಿಗಳ ಔಷಧಿಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಎಚ್1 ಬಂದಿದ್ದು 2014ರ ಮಾರ್ಚಿನಿಂದ. ಅದಕ್ಕೆ ಬೇರೆಯೇ ರಿಜಿಸ್ಟರ್ ಇಟ್ಟು, ಬರೆದ ಡಾಕ್ಟರು, ರೋಗಿ, ಔಷಧಿ, ಎಷ್ಟು ಕೊಟ್ಟಿರಿ ಎಲ್ಲ ಬರೆದು ಮೂರು ವರ್ಷ ಕಾಪಾಡಬೇಕು. ಸಿಫಿಕ್ಸಿಮ್ ಅನ್ನುವ ಆ್ಯಂಟಿಬಯಾಟಿಕ್ ಆ ಪಟ್ಟಿಯಲ್ಲೇ ಇದೆ, ಆದರೂ ಗಂಟಲು ನೋವಿಗೆಲ್ಲ ಚೀಟಿ ಇಲ್ಲದೆ ಕೊಡುವವರನ್ನು ನಾನೇ ನೋಡಿದ್ದೇನೆ. ಇನ್ನು ಪ್ಯಾರಾಸಿಟಮಾಲ್, ಓಆರ್‌ಎಸ್ ತರಹದವು ಚೀಟಿ ಇಲ್ಲದೆ ಕೊಡಬಹುದಾದವು. ಅದರ ಜೊತೆ ಸಲಹೆ ಕೊಡುವುದು ತಪ್ಪಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿಸಿ ಹೇಳುವುದು ನಮ್ಮ ಕೆಲಸವೇ ಅಂತ ಇದೆ.

ತರಬೇತಿ ವಿಷಯ. ನೀವು ಓದುವಾಗ ಹಳೇ ಸಿಲಬಸ್ ಇದ್ದಿರಬೇಕು. 2020ರ ನಿಯಮದ ಡಿ.ಫಾರ್ಮ ಎರಡನೇ ವರ್ಷದಲ್ಲಿ ಕಮ್ಯುನಿಟಿ ಫಾರ್ಮಸಿ ಅಂತ ಒಂದು ವಿಷಯ ಇದೆ. ಅದರಲ್ಲಿ ನೋವು, ಹೊಟ್ಟೆಯ ತೊಂದರೆ, ಜ್ವರ, ಕಣ್ಣಿನ ತೊಂದರೆ, ಜಂತುಹುಳು ಅಂತ ಬಂದವರಿಗೆ ಏನು ಹೇಳಬೇಕು ಅನ್ನುವ ಪಾಠವೇ ಇದೆ. ಆದರೆ ಪಾಠ ಪುಸ್ತಕದಲ್ಲಿದೆ, ರೋಗಿ ಪುಸ್ತಕದಲ್ಲಿಲ್ಲ! ಮಕ್ಕಳು 500 ಗಂಟೆ ತರಬೇತಿ ಅಂತ ಹೊರಗೆ ಹೋಗುತ್ತಾರೆ. ಎಷ್ಟು ಜನ ನಿಜವಾಗಿ ಕೌಂಟರಿನಲ್ಲಿ ನಿಂತು ಮಾತಾಡಿಸುತ್ತಾರೆ, ಎಷ್ಟು ಜನ ಸಹಿ ಹಾಕಿಸಿಕೊಂಡು ಬರುತ್ತಾರೆ, ಇಲ್ಲಿರುವ ಎಲ್ಲರಿಗೂ ಗೊತ್ತು. 2008ರಲ್ಲಿ ಶುರುವಾದ ಫಾರ್ಮ್ ಡಿ (ಆರು ವರ್ಷದ ಫಾರ್ಮಸಿ ಕೋರ್ಸ್) ಹುಡುಗರು ಆರನೇ ವರ್ಷ ಪೂರ್ತಿ ಇಂಟರ್ನ್‌ಶಿಪ್ ಮಾಡುತ್ತಾರೆ, ಆಸ್ಪತ್ರೆ ವಾರ್ಡಿನಲ್ಲಿ ನಿಂತು ಕಲಿಯುತ್ತಾರೆ. ಅವರಿಗೂ ಬರೆಯುವ ಅಧಿಕಾರ ಇಲ್ಲ ಬಿಡಿ.

ಹೊರಗಿನವರು ಹೇಗೆ ಕಲಿಸುತ್ತಾರೆ ಅಂತ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ಫಾರ್ಮಸಿಗಳೇ ಏಳು ಕಾಯಿಲೆ ನೋಡುತ್ತವೆ. ಅದರಲ್ಲಿ ಉರಿಮೂತ್ರ ಒಂದು. ಅಲ್ಲಿ ಮೊದಲು ಕಲಿಸುವುದು ಮಾತ್ರೆ ಹೆಸರಲ್ಲ, ಯಾರನ್ನು ಮುಟ್ಟಬಾರದು ಅನ್ನುವುದು. 16ರಿಂದ 64 ವರ್ಷದ ಹೆಂಗಸರು ಮಾತ್ರ. ಗಂಡಸರು ಬಂದರೆ ಡಾಕ್ಟರಿಗೆ, ಬಸುರಿ ಆದರೆ ಡಾಕ್ಟರಿಗೆ. ಆಮೇಲೆ ಮೂತ್ರ ಹೋಗುವಾಗ ಉರಿಯಾ, ರಾತ್ರಿ ಹೊಸದಾಗಿ ಏಳಬೇಕಾಗುತ್ತಿದೆಯಾ, ಮೂತ್ರ ಮಬ್ಬಾಗಿದೆಯಾ ಅಂತ ಕೇಳಬೇಕು. ಕಿವಿ ನೋವು ನೋಡುವ ಫಾರ್ಮಸಿಸ್ಟ್ ಕಿವಿಯೊಳಗೆ ಟಾರ್ಚ್ ಹಾಕಿ ನೋಡುವ ಉಪಕರಣ ಹಿಡಿಯಲು ಬೇರೆಯೇ ಕಲಿಯಬೇಕು. ನಮ್ಮ ಎಷ್ಟು ಅಂಗಡಿಯಲ್ಲಿ ಕೂರಿಸಿ ಮಾತಾಡಲು ಒಂದು ಸ್ಟೂಲ್ ಇದೆ ಹೇಳಿ?

ಕಡೂರಿನಿಂದ ಕೆನಡಾಕ್ಕೆ

ಹಳಬರೇ, ಆ ಕೆನಡಾ ಕಥೆಯವನು ನಾನೇ 🙂 ಒಂಟಾರಿಯೊದಲ್ಲಿ ಫಾರ್ಮಸಿಸ್ಟ್. ಇಲ್ಲಿ ಆಲ್ಬರ್ಟಾ ಪ್ರಾಂತ್ಯದಲ್ಲಿ 2007ರಿಂದಲೇ ಫಾರ್ಮಸಿಸ್ಟ್‌ಗಳು ಬರೆಯುತ್ತಿದ್ದಾರೆ. ನಮ್ಮಲ್ಲಿ ಬಂದಿದ್ದು 2023ರ ಜನವರಿ 1ಕ್ಕೆ, 13 ಕಾಯಿಲೆಗಳಿಗೆ. ಅದೇ ಅಕ್ಟೋಬರಿನಲ್ಲಿ ಇನ್ನೂ ಆರು ಸೇರಿದವು. ಕಣ್ಣು ಕೆಂಪಾಗುವುದು, ಎದೆ ಉರಿ, ಮೂಲವ್ಯಾಧಿ, ಹುಳ ಕಚ್ಚಿದ್ದು, ಮುಟ್ಟಿನ ಹೊಟ್ಟೆನೋವು, ಹೀಗೆ. ಗಮನಿಸಿ, ಆ ಪಟ್ಟಿಯಲ್ಲಿ ಬರೀ ಜ್ವರ ಅಂತ ಒಂದು ಕಾಯಿಲೆ ಇರಲಿಲ್ಲ.

ಶುರು ಮಾಡುವಾಗ ನಾನು ಅಂದುಕೊಂಡಿದ್ದೆ, ಔಷಧಿ ಗೊತ್ತಿದ್ದರೆ ಸಾಕು ಅಂತ. ಕಷ್ಟ ಆಗಿದ್ದು ಬರೆಯುವುದು. ಚೀಟಿ ಬರೆಯುವುದಲ್ಲ, ಏನು ಕೇಳಿದೆ, ಏನು ಕಂಡೆ, ಯಾಕೆ ಕೊಟ್ಟೆ ಅಥವಾ ಯಾಕೆ ಕೊಡಲಿಲ್ಲ, ಯಾವತ್ತು ಫೋನ್ ಮಾಡಿ ವಿಚಾರಿಸುತ್ತೇನೆ ಅನ್ನುವುದೆಲ್ಲ ಬರೆದಿಡಬೇಕು. ಅವರ ಡಾಕ್ಟರಿಗೂ ತಿಳಿಸಬೇಕು. ಹಾಗೆ ಬರೆಯಲು ಕೂತಾಗಲೇ ನಾನು ಕೇಳದೆ ಬಿಟ್ಟ ಪ್ರಶ್ನೆ ಕಣ್ಣಿಗೆ ಬೀಳುತ್ತಿದ್ದದ್ದು.

ಇನ್ನೊಂದು ವಿಷಯ, ಹಳಬರ ವ್ಯಾಪಾರದ ಮಾತಿಗೆ. ಇಲ್ಲಿ ಎದುರು ಕೂರಿಸಿ ನೋಡಿದ್ದಕ್ಕೆ ಸರ್ಕಾರ 19 ಡಾಲರ್ ಕೊಡುತ್ತದೆ. ಮಾತ್ರೆ ಬರೆಯದೆ ಕಳಿಸಿದರೂ ಕೊಡುತ್ತದೆ. ಬರೆದರೂ ಅದನ್ನು ಯಾವ ಅಂಗಡಿಯಲ್ಲಿ ಬೇಕಾದರೂ ತಗೊಳ್ಳಿ ಅಂತ ನಾನೇ ಹೇಳಬೇಕು. ನಮ್ಮೂರಿನಲ್ಲಿ ಫಾರ್ಮಸಿಸ್ಟ್‌ನ ಸಂಪಾದನೆ ಸ್ಟ್ರಿಪ್ ಮಾರಿದರೆ ಮಾತ್ರ. ಎದೆ ನೋವಿನವರನ್ನು ಬರಿಗೈಯಲ್ಲಿ ಆಸ್ಪತ್ರೆಗೆ ಕಳಿಸಿದರೆ ಆ ಹೊತ್ತಿನ ಬಿಲ್ ಸೊನ್ನೆ. ಅದನ್ನು ಸರಿ ಮಾಡದೆ ಎಷ್ಟು ತರಬೇತಿ ಕೊಟ್ಟರೂ ಕೈ ರ‍್ಯಾಕಿನ ಕಡೆಗೇ ಹೋಗುತ್ತದೆ.

ಹಾಂ, ಉಣುಗು ಕಚ್ಚಿದರೆ ಕೆಲವು ಷರತ್ತು ನೋಡಿ ಒಂದೇ ಒಂದು ಡೋಸ್ ಡಾಕ್ಸಿಸೈಕ್ಲಿನ್ ಆ್ಯಂಟಿಬಯಾಟಿಕ್ ಬರೆಯುವುದೂ ನಮ್ಮ ಪಟ್ಟಿಯಲ್ಲಿದೆ. ಮಲೆನಾಡಿನವರಿಗೆ ಕೇಳಲು ಮಜಾ ಅನಿಸಬಹುದು.

ಪಿಎಚ್‌ಸಿ ಕೊಪ್ಪ ಕಡೆ

ಮಜಾ ಅಲ್ಲ ಸ್ವಾಮಿ, ಭಯ ಆಗುತ್ತದೆ. ಆ ಡೋಸ್ ಅಲ್ಲಿನ ಉಣುಗು ಹರಡುವ ಲೈಮ್ ಅನ್ನುವ ಬ್ಯಾಕ್ಟೀರಿಯಾ ಕಾಯಿಲೆಗೆ. ಅದನ್ನು ಓದಿ ಯಾರಾದರೂ ಇಲ್ಲಿ ಉಣುಗು ಕಚ್ಚಿದವರಿಗೆಲ್ಲ ಡಾಕ್ಸಿ ಕೊಟ್ಟು ಕಳಿಸಿದರೆ? ನಮ್ಮ ಉಣುಗು ತರುವುದು ಮಂಗನ ಕಾಯಿಲೆ. ಅದು ವೈರಸ್, ಅದಕ್ಕೆ ಅಂತ ಮಾತ್ರೆ ಇಲ್ಲ. ತರಬೇತಿ ಮಾಡುವುದಾದರೆ ಊರಿನ ಕಾಯಿಲೆ ನೋಡಿ ಮಾಡಬೇಕು ಅನ್ನುವುದು ಇದಕ್ಕೇ.

ನಾನು ಇಲ್ಲಿನ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್. ಡಿಸೆಂಬರ್‌ನಿಂದ ಮೇ ತನಕ ನಮ್ಮ ಕಡೆ ಜ್ವರ ಅಂದರೆ ನನಗೆ ಸಣ್ಣ ಕಾಯಿಲೆ ಅಲ್ಲ. ಕಾಡಿಗೆ ಸೊಪ್ಪು, ದರಗಿಗೆ ಹೋಗಿದ್ದಿರಾ, ಹತ್ತಿರ ಮಂಗ ಸತ್ತಿದೆಯಾ ಅಂತ ಕೇಳಿಯೇ ಮುಂದಿನ ಮಾತು. ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಲಸದವರಿಗೆ ಇಲಿ ಜ್ವರ. ಇಂಥ ಜ್ವರಕ್ಕೆ ಮೈಕೈ ನೋವು ಅಂತ ಡೈಕ್ಲೋಫೆನಾಕ್ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಯಲು ಹೇಳಿ, ರಕ್ತ ಪರೀಕ್ಷೆಗೆ ನಮ್ಮ ಹತ್ತಿರ ಕಳಿಸಿ. ಜ್ವರ ಶುರುವಾದ ಮೊದಲ ದಿನಗಳಲ್ಲೇ ಬಂದರೆ ನಮಗೆ ಗೊತ್ತು ಮಾಡಲು ಸುಲಭ. ನಿಮ್ಮ ಅಂಗಡಿಯ "ಸೆಟ್" ತಿಂದು ಐದನೇ ದಿನ ಬರುತ್ತಾರೆ ನೋಡಿ, ಅದು ನನ್ನ ಹೊಟ್ಟೆ ಉರಿ.

ಸಕಲೇಶಪುರದ ಮೇಡಂಗೆ: ಎದೆ ಉರಿ ಅಂದವರಲ್ಲಿ ಬೆವರು, ತೋಳಿಗೋ ದವಡೆಗೋ ಎಳೆಯುವ ನೋವು, ನಡೆದರೆ ಜಾಸ್ತಿ ಆಗುವುದು, ಉಸಿರು ಕಟ್ಟುವುದು, ಇದರಲ್ಲಿ ಒಂದಿದ್ದರೂ ಗ್ಯಾಸ್ ಮಾತ್ರೆ ಡಬ್ಬಿ ಮುಟ್ಟಬೇಡಿ. ಶುಗರ್ ಇರುವವರಿಗೆ ನೋವೇ ಸರಿಯಾಗಿ ಗೊತ್ತಾಗದೆ ಇರಬಹುದು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಜಯದೇವದವರಿಗೆ ತೋರಿಸುತ್ತಾರೆ. ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತ. ಹಾಸನ ದೂರ ಅಂತ ಕಾಯುವುದು ಬೇಡ, 108ಕ್ಕೆ ಫೋನ್ ಮಾಡಿ.

ಮಗುವಿನ ಬೇಧಿಗೆ ಓಆರ್‌ಎಸ್ ಪ್ಯಾಕೆಟ್, ಅದರ ಮೇಲೆ ಬರೆದಷ್ಟೇ ನೀರಿಗೆ, ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ 1 ಲೀಟರ್‌ಗೆ. ಟೆಟ್ರಾ ಪ್ಯಾಕಿನ ಸಿಹಿ ಜ್ಯೂಸ್ ಅಲ್ಲ. ಅಂಥ ಪಾನೀಯಗಳು ಹೆಸರಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳಬಾರದು ಅಂತ 2025ರ ಅಕ್ಟೋಬರಿನಲ್ಲಿ ಆದೇಶವೇ ಆಗಿದೆ. ಜೊತೆಗೆ ಜಿಂಕ್, 10ರಿಂದ 14 ದಿನ. ಮಗು ಮಂಕಾಗಿದ್ದರೆ, ಮಲದಲ್ಲಿ ರಕ್ತ ಇದ್ದರೆ, ಕುಡಿದದ್ದೆಲ್ಲ ವಾಂತಿ ಆದರೆ ನಮ್ಮ ಕಡೆ ಕಳಿಸಿ. ಇನ್ನು ಗಜಕರ್ಣಕ್ಕೆ ಸ್ಟಿರಾಯ್ಡ್ ಕೂಡಿದ ಮುಲಾಮು ಕೊಡುವುದನ್ನು ಮೊದಲು ನಿಲ್ಲಿಸಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಎರಡು ತಿಂಗಳಲ್ಲಿ ತೊಡೆಯಿಂದ ಬೆನ್ನಿಗೆ ಹರಡಿರುತ್ತದೆ. ಇಂಥ ಸ್ಟಿರಾಯ್ಡ್ ಮುಲಾಮುಗಳು 2018ರಿಂದ ಶೆಡ್ಯೂಲ್ ಎಚ್‌ನಲ್ಲೇ ಇವೆ.

ಬೇಲೂರು ಬಸ್ಸು

ನಾನು ಕೌಂಟರಿನ ಈ ಕಡೆಯವಳು. ಡಾಕ್ಟ್ರೇ, ನೀವು ಕಳಿಸಿ ಕಳಿಸಿ ಅನ್ನುತ್ತೀರಿ. ನಮ್ಮ ಅತ್ತೆಗೆ ಕಣ್ಣು ಬಂದರೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ, ಹೋದ ದಿನ ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆ ಅಂದರೆ ಮತ್ತೆ ಬರಬೇಕು. ಮೆಡಿಕಲ್‌ನವರು ರಾತ್ರಿ ಎಂಟಕ್ಕೂ ಸಿಗುತ್ತಾರೆ. ಅವರಿಗೆ ಕಲಿಸದೆ ಬಿಟ್ಟರೆ ನಾವು ಅವರ ಹತ್ತಿರ ಹೋಗುವುದನ್ನು ಬಿಡುತ್ತೇವೆ ಅಂದುಕೊಂಡಿದ್ದೀರಾ?

ಪಿಎಚ್‌ಸಿ ಕೊಪ್ಪ ಕಡೆ

ಒಪ್ಪಿದೆ ಅಕ್ಕ. ಮೀಟಿಂಗ್ ವಿಷಯ ಹೇಳಿ ಬಾಯಿ ಮುಚ್ಚಿಸಿದಿರಿ. ಬಿ.ಎಸ್ಸಿ ನರ್ಸಿಂಗ್ ಮಾಡಿದವರಿಗೆ ಆರು ತಿಂಗಳ ಕೋರ್ಸ್ ಕೊಟ್ಟು ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಕೂರಿಸಿದ್ದೇವೆ. ಫಾರ್ಮಸಿಸ್ಟ್‌ಗೆ ಅಂಥ ಒಂದು ಕೋರ್ಸ್ ಬಂದರೆ ನಾನು ಬೇಡ ಅನ್ನುವುದಿಲ್ಲ. ಆ್ಯಂಟಿಬಯಾಟಿಕ್ ಮಾತ್ರ ಕೈಗೆ ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು.

ಕೌಂಟರ್ ಹಿಂದಿನವಳು

ಎಲ್ಲರಿಗೂ ಥ್ಯಾಂಕ್ಸ್. ಅಧಿಕಾರ ಇಲ್ಲ ಅನ್ನುವುದು ಅರ್ಥ ಆಯಿತು, ಅದು ಬರುವ ತನಕ ಕಾಯುವುದೂ ಇಲ್ಲ. ಈ ವಾರ ಮಾಡಿದ್ದು ಇಷ್ಟು. ಕೌಂಟರ್ ಪಕ್ಕ ಒಂದು ಸ್ಟೂಲ್ ಹಾಕಿದೆ (ಪಾಠದ ಸರ್, ನಿಮ್ಮ ಮಾತು ಚುಚ್ಚಿತು). ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಯಾರಿಗೆ, ಏನು ತೊಂದರೆ, ಎಷ್ಟು ದಿನದಿಂದ, ಈಗಾಗಲೇ ಏನು ತಗೊಂಡಿದ್ದಾರೆ, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಕೊನೆಯಲ್ಲಿ ಕೊಟ್ಟೆನೋ ಕಳಿಸಿದೆನೋ. ನಮ್ಮ ಪಿಎಚ್‌ಸಿ ಡಾಕ್ಟರನ್ನು ಹೋಗಿ ಮಾತಾಡಿಸಿದೆ. ಮೊದಲು ಸ್ವಲ್ಪ ಗುಮಾನಿಯಿಂದ ನೋಡಿದರು. ನಾನು ಕಳಿಸುವವರ ಕೈಯಲ್ಲಿ ಒಂದು ಕಾಗದ ಬರೆದುಕೊಡುತ್ತೇನೆ, ಅದರ ಹಿಂದೆ ಏನಾಗಿತ್ತು ಅಂತ ಎರಡು ಸಾಲು ಬರೆದು ವಾಪಸ್ ಕಳಿಸಿ ಅಂದೆ. ನೋಡೋಣ ಅಂದರು.

ಎಂಟು ಜನರನ್ನು ಕಳಿಸಿದೆ. ಐದು ಜನ ಹೋದರು, ಮೂರು ಕಾಗದ ವಾಪಸ್ ಬಂದಿದೆ. ಒಂದರಲ್ಲಿ ನನ್ನ ಅಂದಾಜು ಪೂರ್ತಿ ತಪ್ಪು. ಅಲರ್ಜಿ ಅಂದುಕೊಂಡಿದ್ದು ಕಜ್ಜಿ, ಮನೆಮಂದಿಗೆಲ್ಲ ಔಷಧಿ ಹಚ್ಚಬೇಕಾಗಿತ್ತು. ಅಂಗಡಿಯಲ್ಲಿ ನಾನು ಬೆರಳ ಸಂದಿ ನೋಡಿಯೇ ಇರಲಿಲ್ಲ.

ವ್ಯಾಪಾರ? ಹೌದು, ಕಮ್ಮಿ ಆಯಿತು. ಹಳಬರು ಹೇಳಿದ ಹಾಗೆ ಇಬ್ಬರು ಎದ್ದು ಎದುರಿಗೆ ಹೋದರು.

ಅರಸೀಕೆರೆ ಹಳಬ

ಮೂರು ವಾಪಸ್ ಬಂತಾ? ನನ್ನ 28 ವರ್ಷದಲ್ಲಿ ಯಾವ ಡಾಕ್ಟರೂ ನನಗೆ ಒಂದು ಸಾಲು ಬರೆದು ಕಳಿಸಿಲ್ಲ. ಹಾಗಂತ ನಾನೂ ಕೇಳಿರಲಿಲ್ಲ. ಆ ಕಾಗದದಲ್ಲಿ ಏನೇನು ಕಾಲಂ ಹಾಕಿದ್ದೀಯ, ಫೋಟೋ ಹಾಕು ತಂಗೀ. ರೋಗಿ ಹೆಸರು ಮುಚ್ಚಿ ಹಾಕು.